ಡಾಕ್ಟರ್ ವಾರ್ಡ್ ಮತ್ತು ಮುಚ್ಚಳ ಹಾಕಿದ ಬಾಟಲಿ

ಕಳೆದ ಆಗಸ್ಟ್‌ನಲ್ಲಿ ಲಾಲ್‌ಬಾಗ್ ಫ್ಲವರ್ ಶೋಗೆ ಹೋದಾಗ ನಮ್ಮ ಕನ್ನಡ ಸಂಘದ ರೂಮಿಗೆ ಅಂತ ಒಂದು ಪುಟ್ಟ ಫರ್ನ್ ತಂದಿದ್ವಿ. ಅಡಿಯಾಂಟಮ್ ಅದರ ಹೆಸರು. ಕಪ್ಪು ತಂತಿಯಂಥ ತೆಳು ಕಡ್ಡಿ, ಅದರ ತುಂಬ ಕೊತ್ತಂಬರಿ ಸೊಪ್ಪಿಗಿಂತ ನಾಜೂಕಾದ ಎಲೆ. ಅದಕ್ಕೆ ಮಂದಣ್ಣ ಅಂತ ಹೆಸರಿಟ್ವಿ. ಯಾಕೆ ಅಂತ ತೇಜಸ್ವಿಯವರನ್ನು ಓದಿದವರಿಗೆ ಹೇಳಬೇಕಾಗಿಲ್ಲ. ಮಳೆಗಾಲ ಮುಗಿಯೋವರೆಗೆ ಮಂದಣ್ಣ ಚೆನ್ನಾಗೇ ಇದ್ದ. ಜನವರಿಗೆ ಎಲೆಯ ಅಂಚು ಕಂದಾಯಿತು, ಫೆಬ್ರವರಿಗೆ ಅರ್ಧ ಗಿಡ ಸುಟ್ಟ ಕಾಗದದ ಹಾಗಾಯಿತು. ಒಬ್ಬರು ನೀರು ಹಾಕಿದ್ದು ಗೊತ್ತಿಲ್ಲದೆ ಇನ್ನೊಬ್ಬರೂ ಹಾಕಿ ಬೇರು ಕೊಳೆಯೋ ಸ್ಥಿತಿಗೆ ತಂದ್ವಿ. ಆಮೇಲೆ ದಿನಕ್ಕೆ ನಾಲ್ಕು ಸಲ ಸ್ಪ್ರೇ ಮಾಡಿದ್ವಿ. ಸೀನಿಯರ್ ಒಬ್ಬರು ಹ್ಯುಮಿಡಿಫೈಯರ್ ತರೋಣ ಅಂತ ಹೊರಟವರು ಸಂಘದ ಫಂಡ್ ನೋಡಿ ಸುಮ್ಮನಾದರು. ಕೊನೆಗೆ ಇಸಿ ಬ್ರಾಂಚಿನ ಗೆಳೆಯರು ಒಂದು ಡಿಎಚ್‌ಟಿ22 ಸೆನ್ಸರ್ ತಂದು ಆರ್ಡುಯಿನೋಗೆ ಸಿಕ್ಕಿಸಿದರು. ಮಧ್ಯಾಹ್ನ ಮೂರು ಗಂಟೆಗೆ ರೂಮಿನ ಆರ್ದ್ರತೆ ಶೇ. 28. ಕಾಯಿಲೆ ಏನು ಅಂತ ಆಗ ಗೊತ್ತಾಯಿತು. ಗಿಡಕ್ಕೆ ಬೇಕಾಗಿದ್ದದ್ದು ಮಣ್ಣಿನ ನೀರಲ್ಲ, ಗಾಳಿಯ ತೇವ.

ಇದಕ್ಕೆ ಪರಿಹಾರ ಹುಡುಕುತ್ತಾ ಹೋದಾಗ ಸಿಕ್ಕಿದವರು ಸುಮಾರು 200 ವರ್ಷದ ಹಿಂದೆ ಲಂಡನ್ನಿನಲ್ಲಿ ಇದೇ ತಲೆನೋವು ಅನುಭವಿಸಿದ ಒಬ್ಬ ಡಾಕ್ಟರ್. ಅವರ ಹೆಸರು ನಥಾನಿಯಲ್ ಬ್ಯಾಗ್‌ಶಾ ವಾರ್ಡ್. ಗಿಡ ಸಾಕುವವರು, ಸಸ್ಯಶಾಸ್ತ್ರ ಓದುವವರು ಎಲ್ಲರಿಗೂ ಗೊತ್ತಿರೋ ಹೆಸರು. ನಮ್ಮಂಥ ಇಂಜಿನಿಯರಿಂಗ್‌ನವರಿಗೆ ಮಾತ್ರ ಗೊತ್ತಿಲ್ಲ, ಅವರು ಮಾಡಿದ್ದು ಅಪ್ಪಟ ಇಂಜಿನಿಯರಿಂಗ್ ಕೆಲಸವೇ ಆದರೂ.

ವಾರ್ಡ್ ಹುಟ್ಟಿದ್ದು 1791ರಲ್ಲಿ, ಲಂಡನ್ನಿನಲ್ಲಿ. ತಂದೆ ಡಾಕ್ಟರ್. ಹುಡುಗನಿಗೆ 13 ವರ್ಷ ಆದಾಗ ಹಡಗಿನಲ್ಲಿ ಜಮೈಕಾಗೆ ಕಳಿಸಿದರು. ಸಮುದ್ರದ ಮೇಲೆ ಆಸೆ ಇಟ್ಟುಕೊಂಡು ಹೋದ ಹುಡುಗ ವಾಪಸ್ ಬಂದದ್ದು ಗಿಡಗಳ ಹುಚ್ಚು ಹಿಡಿಸಿಕೊಂಡು. ಅಲ್ಲಿನ ತಾಳೆ ಮರ, ಫರ್ನ್, ಎಲ್ಲಿ ನೋಡಿದರೂ ಹಸಿರು: ಬೂದು ಬಣ್ಣದ ಊರಿನಿಂದ ಹೋದವನಿಗೆ ಅದು ತಲೆಯಲ್ಲಿ ಕೂತುಬಿಟ್ಟಿತು. ಆದರೆ ಮನೆ ಕಸುಬು ಬಿಡೋ ಹಾಗಿರಲಿಲ್ಲ. ವೈದ್ಯಕೀಯ ಕಲಿತು ಲಂಡನ್ನಿನ ಪೂರ್ವ ಭಾಗದ ವೆಲ್‌ಕ್ಲೋಸ್ ಸ್ಕ್ವೇರ್ ಅನ್ನೋ ಕಡೆ ಪ್ರಾಕ್ಟೀಸ್ ಮಾಡಿದರು. ಬಂದರಿನ ಪಕ್ಕದ ಏರಿಯಾ ಅದು. ಹಡಗಿನ ಕೂಲಿಗಳು, ಬಡವರು, ಇಕ್ಕಟ್ಟಾದ ಮನೆಗಳು. ಹಗಲು ಪೂರ್ತಿ ರೋಗಿಗಳು, ಉಳಿದ ಟೈಮಿನಲ್ಲಿ ಗಿಡ. ಹಾಗೆ ಬಿಡುವಿನಲ್ಲೇ ಸಂಗ್ರಹಿಸಿ ಒಣಗಿಸಿ ಇಟ್ಟ ಸಸ್ಯಗಳ ಮಾದರಿಗಳು ಸುಮಾರು 25,000 ಆದವು ಅಂತಾರೆ. ನಾವು ಒಂದು ಲ್ಯಾಬ್ ರೆಕಾರ್ಡ್ ಮುಗಿಸೋಕೆ ಎಷ್ಟು ಒದ್ದಾಡ್ತೀವಿ ಅಂತ ನೆನಪಿಸಿಕೊಳ್ಳಿ.

ಆದರೆ ಒಣಗಿದ ಗಿಡ ಬೇರೆ, ಜೀವ ಇರೋ ಗಿಡ ಬೇರೆ. ವಾರ್ಡ್‌ಗೆ ಫರ್ನ್ ಬೆಳೆಸೋ ಆಸೆ. (ಫರ್ನ್‌ಗೆ ಕನ್ನಡದಲ್ಲಿ ಜರೀಗಿಡ ಅಂತಾರೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾವು ಈ ಪದ ಕಲಿತದ್ದು ಈ ಲೇಖನ ಬರೆಯೋವಾಗ.) ಮನೆಯ ಹಿತ್ತಲಲ್ಲಿ ಕಲ್ಲು ಜೋಡಿಸಿ, ಮೇಲಿಂದ ಕೊಳವೆಯಲ್ಲಿ ನೀರು ತೊಟ್ಟಿಕ್ಕೋ ಹಾಗೆ ಮಾಡಿ, ಕಾಡಿಂದ ತಂದ ಜರೀಗಿಡ, ಹಾವಸೆ ಎಲ್ಲ ನೆಟ್ಟರು. ಒಂದೊಂದಾಗಿ ಎಲ್ಲವೂ ಸತ್ತವು. ಆಗಿನ ಲಂಡನ್ ಅಂದರೆ ಮನೆ ಮನೆಯ ಒಲೆಯಲ್ಲೂ ಕಲ್ಲಿದ್ದಲು, ಸುತ್ತಲೂ ಕಾರ್ಖಾನೆ ಚಿಮಣಿ. ಎಲೆ ಮೇಲೆ ಮಸಿ ಕೂರುತ್ತಿತ್ತು, ಗಂಧಕದ ಹೊಗೆ ಗಿಡವನ್ನು ಸುಡುತ್ತಿತ್ತು. ನೀರು ಎಷ್ಟು ತೊಟ್ಟಿಕ್ಕಿದರೂ ಪ್ರಯೋಜನ ಆಗಲಿಲ್ಲ. ವಾರ್ಡ್ ಕೈಬಿಟ್ಟರು. ಹೌದು, ಕೈಬಿಟ್ಟರು. ಮುಂದಿನದ್ದು ನಡೆದದ್ದು ಅವರು ಬೇರೆ ಏನೋ ಮಾಡ್ತಿದ್ದಾಗ.

1829ರ ಬೇಸಿಗೆ. ವಾರ್ಡ್‌ಗೆ ಕೀಟಗಳ ಮೇಲೂ ಆಸಕ್ತಿ. ಒಂದು ದೊಡ್ಡ ಪತಂಗದ ಪ್ಯೂಪಾ ಸಿಕ್ಕಿತ್ತು. ಅದರಿಂದ ಪತಂಗ ಹೊರಬರೋದನ್ನು ನೋಡಬೇಕು ಅಂತ ಅಗಲ ಬಾಯಿಯ ಗಾಜಿನ ಬಾಟಲಿಯಲ್ಲಿ ಒದ್ದೆ ಮಣ್ಣು ಹಾಕಿ, ಅದರಲ್ಲಿ ಪ್ಯೂಪಾ ಹೂತು, ಮುಚ್ಚಳ ಹಾಕಿ ಇಟ್ಟರು. ದಿನಾ ನೋಡುತ್ತಾ ಹೋದ ಹಾಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಬಿಸಿಲಿನ ಹೊತ್ತಿನಲ್ಲಿ ಮಣ್ಣಿನ ತೇವ ಆವಿಯಾಗಿ ಮೇಲೆ ಏರುತ್ತೆ, ಗಾಜಿನ ಒಳಮೈಗೆ ಹನಿಯಾಗಿ ಅಂಟುತ್ತೆ, ಮತ್ತೆ ಇಳಿದು ಮಣ್ಣಿಗೇ ಸೇರುತ್ತೆ. ಮಣ್ಣು ಒಣಗೋದೇ ಇಲ್ಲ. ಪತಂಗ ಹೊರಬರೋಕೆ ಇನ್ನೊಂದು ವಾರ ಇದೆ ಅನ್ನೋವಾಗ ಮಣ್ಣಲ್ಲಿ ಎರಡು ಮೊಳಕೆ ಕಾಣಿಸಿದವು. ಒಂದು ಹುಲ್ಲು. ಇನ್ನೊಂದು ಜರೀಗಿಡ.

ಹಿತ್ತಲಲ್ಲಿ ಅಷ್ಟೆಲ್ಲ ಉಪಚಾರ ಮಾಡಿದರೂ ಬದುಕದ ಗಿಡ, ಯಾರೂ ಕೇಳದೆ ಬಾಟಲಿಯಲ್ಲಿ ತಾನಾಗಿ ಹುಟ್ಟಿತ್ತು. ನಾವಾಗಿದ್ದರೆ ಏನು ಮಾಡ್ತಿದ್ವಿ? ಎಕ್ಸ್‌ಪೆರಿಮೆಂಟ್ ಪತಂಗದ್ದು, ಹುಲ್ಲು ಬಂದದ್ದು ಎರರ್ ಅಂತ ಕಿತ್ತು ಬಿಸಾಡ್ತಿದ್ವಿ. ವಾರ್ಡ್ ಪತಂಗವನ್ನು ಬಿಟ್ಟು ಗಿಡದ ಹಿಂದೆ ಹೋದರು. ಬಾಟಲಿಯನ್ನು ಓದುವ ಕೋಣೆಯ ಕಿಟಕಿಯ ಹೊರಗೆ, ಉತ್ತರ ದಿಕ್ಕಿಗೆ ಇಟ್ಟರು. ನೀರು ಹಾಕಲಿಲ್ಲ. ಆ ಎರಡು ಗಿಡ ಹೆಚ್ಚುಕಡಿಮೆ ನಾಲ್ಕು ವರ್ಷ ಬದುಕಿದವು. ಹುಲ್ಲು ಒಂದು ಸಲ ಹೂವನ್ನೂ ಬಿಟ್ಟಿತು. ಕೊನೆಗೆ ವಾರ್ಡ್ ಊರಲ್ಲಿ ಇಲ್ಲದಾಗ ಮುಚ್ಚಳ ತುಕ್ಕು ಹಿಡಿದು ಮಳೆ ನೀರು ಒಳಗೆ ಹೋಗಿ ಎರಡೂ ಸತ್ತವು. ಅಂದರೆ ಅವು ಸತ್ತದ್ದು ಒಳಗಿನ ನೀರು ಖಾಲಿಯಾಗಿ ಅಲ್ಲ, ಹೊರಗಿನ ನೀರು ಬಂದು.

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ, ಇಲ್ಲದಿದ್ದರೆ ನಮ್ಮ ಮಂದಣ್ಣ ಯಾಕೆ ಒಣಗಿದ ಅಂತ ಅರ್ಥ ಆಗಲ್ಲ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿದಿಡೋ ನೀರಾವಿ ಹೆಚ್ಚೆಂದರೆ ಸುಮಾರು 17 ಗ್ರಾಂ. 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ. ಬೆಳಿಗ್ಗೆ 20 ಡಿಗ್ರಿ ಇದ್ದಾಗ ಗಾಳಿಯಲ್ಲಿ 9 ಗ್ರಾಂ ಆವಿ ಇದೆ ಅಂದುಕೊಳ್ಳಿ. ಆಗ ಆರ್ದ್ರತೆ ಶೇ. 50ಕ್ಕಿಂತ ಸ್ವಲ್ಪ ಜಾಸ್ತಿ. ಮಧ್ಯಾಹ್ನ 30 ಡಿಗ್ರಿಗೆ ಹೋದಾಗ ಅದೇ 9 ಗ್ರಾಂ ಶೇ. 30 ಆಗುತ್ತೆ. ಒಂದು ಹನಿ ನೀರೂ ಕಡಿಮೆಯಾಗಿಲ್ಲ, ಆದರೆ ಗಾಳಿಯ ಬಾಯಾರಿಕೆ ಹೆಚ್ಚಾಯಿತು. ಆ ಬಾಯಾರಿದ ಗಾಳಿ ಎಲೆಯಿಂದ ನೀರು ಹೀರುತ್ತೆ. ಅಡಿಯಾಂಟಮ್‌ನಂಥ ತೆಳು ಎಲೆಗೆ ಬೇರಿಂದ ಅಷ್ಟು ಬೇಗ ನೀರು ತಲುಪಿಸೋಕೆ ಆಗಲ್ಲ. ಅಂಚು ಮೊದಲು ಒಣಗುತ್ತೆ.

ಸರಿ, ಸ್ಪ್ರೇ ಮಾಡಿದರೆ? ನಮ್ಮ ಸಂಘದ ರೂಮು 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರ. ಅಂದರೆ 60 ಘನ ಮೀಟರ್. 30 ಡಿಗ್ರಿಯಲ್ಲಿ ಆರ್ದ್ರತೆ ಶೇ. 30ರಿಂದ 60ಕ್ಕೆ ಹೋಗಬೇಕಾದರೆ ಘನ ಮೀಟರಿಗೆ ಇನ್ನೂ 9 ಗ್ರಾಂ, ಒಟ್ಟು 540 ಗ್ರಾಂ ನೀರು ಆವಿಯಾಗಬೇಕು. ನಾವು ಒಂದು ಸಲಕ್ಕೆ ಸ್ಪ್ರೇ ಮಾಡ್ತಿದ್ದದ್ದು ಹೆಚ್ಚೆಂದರೆ 20 ಗ್ರಾಂ. ಅದೂ ಕಿಟಕಿ ತೆಗೆದು, ಫ್ಯಾನ್ ಹಾಕಿ. ತೂತು ಬಿದ್ದ ಬಕೆಟ್‌ಗೆ ಚಮಚದಲ್ಲಿ ನೀರು ತುಂಬಿಸಿದ ಹಾಗೆ. ವಾರ್ಡ್‌ಗೆ ಬಾಟಲಿ ತೋರಿಸಿಕೊಟ್ಟದ್ದು ಇದನ್ನೇ: ತೇವ ಸುರಿಯುತ್ತಾ ಕೂರಬೇಡ, ಇರೋ ತೇವ ಓಡಿಹೋಗದ ಹಾಗೆ ನೋಡಿಕೋ. ರೂಮನ್ನು ಸರಿ ಮಾಡೋಕೆ ಹೋಗಬೇಡ, ಗಿಡದ ಸುತ್ತ ಒಂದು ಪುಟ್ಟ ರೂಮು ಮಾಡು. ಥರ್ಮೋ ಕ್ಲಾಸಿನ ಭಾಷೆಯಲ್ಲಿ ಹೇಳಬೇಕಂದರೆ ಸಿಸ್ಟಮ್ ಬೌಂಡರಿಯನ್ನು ನಾವು ತಪ್ಪು ಜಾಗದಲ್ಲಿ ಎಳೆದಿದ್ವಿ.

ಒಂದು ಬಾಟಲಿಯಿಂದ ವಾರ್ಡ್ ಅಲ್ಲಿಗೇ ನಿಲ್ಲಲಿಲ್ಲ. ಮರದ ಚೌಕಟ್ಟಿಗೆ ಗಾಜು ಕೂರಿಸಿ ಪೆಟ್ಟಿಗೆಗಳನ್ನು ಮಾಡಿಸಿದರು. ಹ್ಯಾಕ್ನಿಯಲ್ಲಿ ಲಾಡಿಜಸ್ ಅನ್ನೋ ಕುಟುಂಬದ ದೊಡ್ಡ ನರ್ಸರಿ ಇತ್ತು, ಅದರ ಜಾರ್ಜ್ ಲಾಡಿಜಸ್ ಇವರಿಗೆ ಸ್ನೇಹಿತ. ಗಿಡಗಳು ಅಲ್ಲಿಂದ ಬಂದವು. ಪೆಟ್ಟಿಗೆಯೊಳಗೆ ಒಂದಾದ ಮೇಲೊಂದು ಜಾತಿ ನೆಟ್ಟು ನೋಡಿದರು. ಹೊಗೆ ತುಂಬಿದ ಅದೇ ವೆಲ್‌ಕ್ಲೋಸ್ ಸ್ಕ್ವೇರ್‌ನಲ್ಲಿ ಜರೀಗಿಡಗಳು ಕಾಡಲ್ಲಿ ಬೆಳೆದ ಹಾಗೆ ಬೆಳೆದವು. ಪೆಟ್ಟಿಗೆ ಪೂರ್ತಿ ಗಾಳಿಯಾಡದಂತೆ ಸೀಲ್ ಆಗಿರಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಸಂದಿಯಿಂದ ಸ್ವಲ್ಪ ಹೊರಗೆ ಹೋಗುತ್ತೆ, ತಣ್ಣಗಾದಾಗ ಸ್ವಲ್ಪ ಒಳಗೆ ಬರುತ್ತೆ. ನಿಧಾನಕ್ಕೆ ಉಸಿರಾಡೋ ಪೆಟ್ಟಿಗೆ. ಮಸಿ ಒಳಗೆ ಬರೋದಿಲ್ಲ, ತೇವ ಹೆಚ್ಚಾಗಿ ಹೊರಗೆ ಹೋಗೋದಿಲ್ಲ, ಬೆಳಕು ಮಾತ್ರ ಆರಾಮಾಗಿ ಬರುತ್ತೆ.

ಈಗ ನಿಜವಾದ ಪರೀಕ್ಷೆ. ಆಗ ದೂರದ ದೇಶಗಳಿಂದ ಗಿಡ ತರೋದು ಅಂದರೆ ಜೂಜು. ಹಡಗಿನ ಪ್ರಯಾಣ ಆರೆಂಟು ತಿಂಗಳು. ಡೆಕ್ ಮೇಲೆ ಇಟ್ಟರೆ ಉಪ್ಪು ನೀರು, ಒಣ ಗಾಳಿ. ಕೆಳಗೆ ಇಟ್ಟರೆ ಕತ್ತಲೆ. ಕುಡಿಯೋ ನೀರಿಗೇ ಲೆಕ್ಕ ಇರೋವಾಗ ಗಿಡಕ್ಕೆ ಯಾರು ಹಾಕ್ತಾರೆ? ಲಾಡಿಜಸ್ ಅನುಭವದಲ್ಲಿ 20 ಗಿಡ ಹೊರಟರೆ 19 ದಾರಿಯಲ್ಲೇ ಸಾಯುತ್ತಿದ್ದವು. 1833ರಲ್ಲಿ ವಾರ್ಡ್ ಎರಡು ಪೆಟ್ಟಿಗೆಗಳಿಗೆ ಜರೀಗಿಡ, ಹಾವಸೆ, ಹುಲ್ಲು ತುಂಬಿ ಡರ್ಬಿ ಅನ್ನೋ ಹಡಗಿನಲ್ಲಿ ಆಸ್ಟ್ರೇಲಿಯಾದ ಸಿಡ್ನಿಗೆ ಕಳಿಸಿದರು. ಕ್ಯಾಪ್ಟನ್ ಹೆಸರು ಚಾರ್ಲ್ಸ್ ಮಲ್ಲಾರ್ಡ್. ತಿಂಗಳುಗಟ್ಟಲೆ ಸಾಗಿ ಗಿಡಗಳು ಜೀವಂತ ತಲುಪಿದವು. ಕ್ಯಾಪ್ಟನ್ ಅಲ್ಲಿಂದಲೇ ಕಾಗದ ಬರೆದು ವಾರ್ಡ್‌ಗೆ ಅಭಿನಂದನೆ ಹೇಳಿದರು.

ಹೋದದ್ದು ಅರ್ಧ ಪರೀಕ್ಷೆ. ವಾಪಸ್ ಬರೋದು ಇನ್ನೂ ಕಷ್ಟ. 1834ರ ಫೆಬ್ರವರಿಯಲ್ಲಿ ಅದೇ ಪೆಟ್ಟಿಗೆಗಳಿಗೆ ಆಸ್ಟ್ರೇಲಿಯಾದ ಗಿಡಗಳನ್ನು ತುಂಬಿದರು. ಆಗ ಸಿಡ್ನಿಯಲ್ಲಿ 32ರಿಂದ 38 ಡಿಗ್ರಿ ಬಿಸಿಲು. ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಸುತ್ತೋವಾಗ ಸೊನ್ನೆಗಿಂತ 7 ಡಿಗ್ರಿ ಕೆಳಗೆ, ಡೆಕ್ ಮೇಲೆ ಅಡಿಯಷ್ಟು ಹಿಮ. ಸಮಭಾಜಕ ವೃತ್ತ ದಾಟೋವಾಗ ಹೆಚ್ಚುಕಡಿಮೆ 49 ಡಿಗ್ರಿ. ಇಂಗ್ಲೆಂಡಿನ ಹತ್ತಿರ ಬಂದಾಗ ಮತ್ತೆ 4 ಡಿಗ್ರಿ. ಎಂಟು ತಿಂಗಳು, ದಾರಿಯಲ್ಲಿ ಒಂದು ತೊಟ್ಟು ನೀರಿಲ್ಲ. ವಾರ್ಡ್ ಮತ್ತು ಲಾಡಿಜಸ್ ಹಡಗು ಹತ್ತಿ ನೋಡಿದಾಗ ಗಿಡಗಳು ಹಸಿರಾಗಿ ನಿಂತಿದ್ದವು. ಅದರಲ್ಲೊಂದು ಗ್ಲೈಕೀನಿಯಾ ಜಾತಿಯ ಜರೀಗಿಡ, ಬ್ರಿಟನ್‌ನಲ್ಲಿ ಅದುವರೆಗೆ ಯಾರೂ ಜೀವಂತ ನೋಡಿರದದ್ದು. ಆಮೇಲೆ ಲಾಡಿಜಸ್ ಲೆಕ್ಕ ಉಲ್ಟಾ ಆಯಿತು. 20ರಲ್ಲಿ 19 ಬದುಕಿ ಬರತೊಡಗಿದವು.

ವಾರ್ಡ್ ಇದಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಬದಲಿಗೆ ಎಲ್ಲರಿಗೂ ತಿಳಿಯೋ ಹಾಗೆ ಬರೆದರು. 1836ರಲ್ಲಿ ಸಸ್ಯಶಾಸ್ತ್ರಜ್ಞ ವಿಲಿಯಂ ಹೂಕರ್ ಅವರಿಗೆ ಬರೆದ ಪತ್ರದಲ್ಲಿ ವಿವರಿಸಿದರು, 1842ರಲ್ಲಿ ಪುಸ್ತಕ ತಂದರು. 1838ರಲ್ಲಿ ಲಂಡನ್ನಿನ ರಾಯಲ್ ಇನ್ಸ್ಟಿಟ್ಯೂಷನ್‌ನಲ್ಲಿ ಈ ಪೆಟ್ಟಿಗೆಗಳ ಬಗ್ಗೆ ಉಪನ್ಯಾಸ ಕೊಟ್ಟವರು ಮೈಕೆಲ್ ಫ್ಯಾರಡೆ. ಹೌದು, ನಮ್ಮ ಇಂಡಕ್ಷನ್ ಚಾಪ್ಟರಿನ ಅದೇ ಫ್ಯಾರಡೆ. ಗ್ಲಾಸ್ಗೋ ಹತ್ತಿರ ಮಕನೋಕಿ ಅನ್ನೋ ಗಿಡಪ್ರೇಮಿ ವಾರ್ಡ್‌ಗಿಂತ ಕೆಲವು ವರ್ಷ ಮೊದಲೇ ಇಂಥದ್ದೇ ಗಾಜಿನ ಪೆಟ್ಟಿಗೆ ಮಾಡಿದ್ದರು. ಆದರೆ ಅವರು ಎಲ್ಲೂ ಪ್ರಕಟಿಸಲಿಲ್ಲ. ಅದಕ್ಕೇ ಇವತ್ತು ಜಗತ್ತು ಅದನ್ನು ವಾರ್ಡಿಯನ್ ಕೇಸ್ ಅಂತ ಕರೆಯುತ್ತೆ. ಪ್ರಾಜೆಕ್ಟ್ ಮಾಡಿ ರಿಪೋರ್ಟ್ ಬರೆಯದೆ ಕೂರೋ ನಮ್ಮ ಗೆಳೆಯರು ಈ ಸಾಲನ್ನು ಎರಡು ಸಲ ಓದಬೇಕು.

ಆ ಪೆಟ್ಟಿಗೆ ಮುಂದೆ ಏನೇನು ಹೊತ್ತಿತು ಅನ್ನೋದು ದೊಡ್ಡ ಕಥೆ, ಪೂರ್ತಿ ಖುಷಿಯ ಕಥೆಯೂ ಅಲ್ಲ. ರಾಬರ್ಟ್ ಫಾರ್ಚೂನ್ ಅನ್ನೋ ಸ್ಕಾಟ್ಲೆಂಡಿನವರು ಈಸ್ಟ್ ಇಂಡಿಯಾ ಕಂಪನಿಗಾಗಿ ಚೀನಾದಿಂದ ಕದ್ದುಮುಚ್ಚಿ ತಂದ ಟೀ ಗಿಡಗಳು 1850ರ ಆಸುಪಾಸಿನಲ್ಲಿ ಹಿಮಾಲಯದ ತಪ್ಪಲಿಗೆ ಬಂದದ್ದು ಈ ಪೆಟ್ಟಿಗೆಗಳಲ್ಲಿ. ಮಲೇರಿಯಾಕ್ಕೆ ಕ್ವಿನೈನ್ ಕೊಡೋ ಸಿಂಕೋನಾ ಸಸಿಗಳನ್ನು ದಕ್ಷಿಣ ಅಮೆರಿಕದಿಂದ ನಮ್ಮ ಪಕ್ಕದ ನೀಲಗಿರಿಗೆ, ಊಟಿಗೆ, 1861ರಲ್ಲಿ ರಾಬರ್ಟ್ ಕ್ರಾಸ್ ತಂದದ್ದೂ ಇದರಲ್ಲೇ. 1876ರಲ್ಲಿ ಬ್ರೆಜಿಲ್‌ನ ಬೀಜದಿಂದ ಲಂಡನ್ನಿನ ಕ್ಯೂ ಗಾರ್ಡನ್‌ನಲ್ಲಿ ಮೊಳೆತ ಸುಮಾರು 1,900 ರಬ್ಬರ್ ಸಸಿಗಳು ಶ್ರೀಲಂಕಾಗೆ ಹೋದದ್ದೂ ಹೀಗೇ. ಕ್ವಿನೈನ್ ಎಷ್ಟೋ ಜೀವ ಉಳಿಸಿತು, ನಿಜ. ಆದರೆ ಕಾಡು ಕಡಿದು ಎದ್ದ ಎಸ್ಟೇಟುಗಳು, ಅಲ್ಲಿಗೆ ಗುಳೆ ಹೋದ ಕೂಲಿಗಳ ಬದುಕು, ಪೆಟ್ಟಿಗೆಯ ಮಣ್ಣಿನ ಜೊತೆ ಊರೂರಿಗೆ ದಾಟಿದ ಕೀಟ, ರೋಗ, ಇದೂ ಅದೇ ಲೆಕ್ಕದಲ್ಲಿ ಬರುತ್ತೆ. ಪತಂಗ ನೋಡೋಕೆ ಬಾಟಲಿ ಇಟ್ಟ ಡಾಕ್ಟರ್ ಇದನ್ನೆಲ್ಲ ಊಹಿಸಿರಲಿಕ್ಕಿಲ್ಲ. ನಾವು ಮಾಡೋ ವಸ್ತು ಯಾರ ಕೈಗೆ ಹೋಗುತ್ತೆ ಅನ್ನೋದು ಮಾಡಿದವರ ಕೈಯಲ್ಲಿ ಇರಲ್ಲ. ಆದರೂ ಅದನ್ನು ಕೇಳಿಕೊಳ್ಳದೆ ಇರೋಕೂ ಆಗಲ್ಲ.

ಸ್ವತಃ ವಾರ್ಡ್ ಮನಸ್ಸಲ್ಲಿ ಇದ್ದದ್ದು ಬೇರೆ. ದಿನಾ ನೋಡೋ ರೋಗಿಗಳ ಕತ್ತಲೆ ಮನೆಗಳಲ್ಲಿ ಒಂದಿಷ್ಟು ಹಸಿರು ಇರಬೇಕು ಅನ್ನೋದು ಅವರ ಆಸೆ. ಆದರೆ ಆಗ ಇಂಗ್ಲೆಂಡಿನಲ್ಲಿ ಗಾಜಿಗೆ ತೆರಿಗೆ ಇತ್ತು, ಗಾಜು ಬಡವರ ಕೈಗೆ ಎಟುಕುತ್ತಿರಲಿಲ್ಲ. 1845ರಲ್ಲಿ ಆ ತೆರಿಗೆ ತೆಗೆದರು. ಆದರೂ ಪೆಟ್ಟಿಗೆ ಮೊದಲು ಸೇರಿದ್ದು ಶ್ರೀಮಂತರ ಹಜಾರಕ್ಕೆ. ಜರೀಗಿಡ ಬೆಳೆಸೋದು ಫ್ಯಾಷನ್ ಆಯಿತು, ಹುಚ್ಚೂ ಆಯಿತು. ಆ ಹುಚ್ಚಿಗೆ ಟೆರಿಡೋಮೇನಿಯಾ ಅಂತ ಹೆಸರೇ ಬಂತು. ಜನ ಬೆಟ್ಟಗುಡ್ಡಗಳಿಂದ ಗಿಡ ಕಿತ್ತು ತರತೊಡಗಿದರು. 1851ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ನಡೆದ ಮಹಾ ಪ್ರದರ್ಶನದಲ್ಲಿ ವಾರ್ಡ್ ತಮ್ಮ ಒಂದು ಬಾಟಲಿ ಇಟ್ಟಿದ್ದರು. 18 ವರ್ಷದಿಂದ ನೀರು ಹಾಕದ ಗಿಡ ಅದರಲ್ಲಿ ಹಸಿರಾಗಿತ್ತು. ಆ ಕ್ರಿಸ್ಟಲ್ ಪ್ಯಾಲೇಸನ್ನೇ ಮಾದರಿ ಮಾಡಿಕೊಂಡು ಲಾಲ್‌ಬಾಗ್ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಹಾಕಿದರು. ಮಂದಣ್ಣ ನಮಗೆ ಸಿಕ್ಕಿದ್ದು ಅದರ ಮುಂದೆಯೇ.

ವಾರ್ಡ್ 1852ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. 1839ರಲ್ಲಿ ಲಂಡನ್ನಿನ ಮೈಕ್ರೋಸ್ಕೋಪ್ ಸಂಘವನ್ನು ಹುಟ್ಟುಹಾಕಿದವರಲ್ಲಿ ಅವರೂ ಒಬ್ಬರು. ಅಷ್ಟೆಲ್ಲ ಆದರೂ 1868ರ ಜೂನ್‌ನಲ್ಲಿ ತೀರಿಕೊಂಡಾಗ ನಾರ್‌ವುಡ್ ಸ್ಮಶಾನದಲ್ಲಿ ಅವರನ್ನು ಮಣ್ಣು ಮಾಡಿದ ಜಾಗದಲ್ಲಿ ಹೆಸರಿನ ಒಂದು ಕಲ್ಲೂ ಇರಲಿಲ್ಲ. ಪೆಟ್ಟಿಗೆ ಮಾತ್ರ ಕೆಲಸ ನಿಲ್ಲಿಸಲಿಲ್ಲ. ಕ್ಯೂ ಗಾರ್ಡನ್ ಅದನ್ನು 1962ರವರೆಗೂ ಬಳಸಿತು.

ಇದನ್ನೆಲ್ಲ ಓದಿದ ಮೇಲೆ ನಾವು ಮೆಸ್‌ನ ಅಣ್ಣನ ಹತ್ತಿರ ಉಪ್ಪಿನಕಾಯಿ ಖಾಲಿಯಾದ ದೊಡ್ಡ ಗಾಜಿನ ಜಾಡಿ ಕೇಳಿ ತಂದ್ವಿ. ಎಣ್ಣೆ, ಉಪ್ಪು ಹೋಗೋವರೆಗೆ ಮೂರು ದಿನ ತೊಳೆದ್ವಿ. ತಳಕ್ಕೆ ಸಣ್ಣ ಜಲ್ಲಿ, ಮೇಲೆ ತೆಂಗಿನ ನಾರಿನ ಪುಡಿ ಬೆರೆಸಿದ ಮಣ್ಣು. ಮಂದಣ್ಣನ ಒಣಗಿದ ಕಡ್ಡಿಗಳನ್ನೆಲ್ಲ ಬುಡದವರೆಗೆ ಕತ್ತರಿಸಿ, ಉಳಿದ ಬೇರನ್ನು ನೆಟ್ಟು, ಒಂದೇ ಸಲ ಹದವಾಗಿ ನೀರು ಹಾಕಿ ಮುಚ್ಚಳ ಮುಚ್ಚಿದ್ವಿ. ನೇರ ಬಿಸಿಲು ಬೀಳದ, ಆದರೆ ಬೆಳಕು ಇರೋ ಕಿಟಕಿ ಪಕ್ಕ ಇಟ್ವಿ. ನೇರ ಬಿಸಿಲಿಗೆ ಇಟ್ಟರೆ ಪುಟ್ಟ ಜಾಡಿ ಕುಕ್ಕರ್ ಆಗುತ್ತೆ. ಗಾಜಿನ ಮೇಲೆ ಇಡೀ ದಿನ ಮಂಜು ಕವಿದೇ ಇದ್ದರೆ ನೀರು ಜಾಸ್ತಿ ಅಂತ ಅರ್ಥ, ಒಂದೆರಡು ಗಂಟೆ ಮುಚ್ಚಳ ತೆಗೆದಿಡಬೇಕು. ಬೆಳಿಗ್ಗೆ ಹನಿ ಕಟ್ಟಿ ಆಮೇಲೆ ಕರಗಿದರೆ ಸರಿಯಾಗಿದೆ ಅಂತ. ಕಳ್ಳಿ ಜಾತಿಯ ಗಿಡಗಳನ್ನು ಮಾತ್ರ ಹೀಗೆ ಹಾಕೋಕೆ ಹೋಗಬೇಡಿ, ಕೊಳೆತುಹೋಗುತ್ತವೆ.

ಸೆನ್ಸರನ್ನು ಜಾಡಿಯೊಳಗೆ ಇಳಿಬಿಟ್ಟು ನೋಡಿದ್ವಿ. ರೂಮಲ್ಲಿ ಶೇ. 30 ಇದ್ದಾಗ ಒಳಗೆ 95. ಐದು ವಾರ ಏನೂ ಆಗಲಿಲ್ಲ, ಬೋಳು ಮಣ್ಣು ನೋಡ್ತಾ ಕೂತಿದ್ವಿ. ಇಂಟರ್ನಲ್ಸ್ ಮುಗಿದ ಮಾರನೇ ದಿನ ರೂಮಿನ ಬಾಗಿಲು ತೆಗೆದಾಗ ಮಣ್ಣಿಂದ ಸುರುಳಿ ಸುತ್ತಿಕೊಂಡ ಒಂದು ಕಡ್ಡಿ ತಲೆ ಎತ್ತಿತ್ತು, ಪಿಟೀಲಿನ ತುದಿಯ ಹಾಗೆ. ಈಗ ಅಂಥವು ನಾಲ್ಕಿವೆ. ಯಾರಾದರೂ ನೋಡೋಕೆ ಬಂದರೆ ಸ್ವಾಗತ. ಆದರೆ ದಯವಿಟ್ಟು ನೀರು ಹಾಕಬೇಡಿ.